ಏಳು ಹಾಲುಗಿಡಗಳ ತಪಾಸಣೆ

ಟೂಸಾನ್, ಜೂನ್ ೮

ಪರ್ವತಶಿಖರನಿವಾಸಿನಿ, ಧೂಮವೈರಿಣಿ, ದುರ್ಬೀನುಧಾರಿಣಿ, ಕಾಡ್ಗಿಚ್ಚಿನ ಎದೆಯಲ್ಲಿ ನಡುಕ ಹುಟ್ಟಿಸುವವಳೂ ಆರು ಹೇಸರಗತ್ತೆಗಳಿಂದ ಹದಿನೈದು ದಿನಕ್ಕೊಮ್ಮೆ ಸೇವೆ ಸ್ವೀಕರಿಸುವವಳೂ ಆದ ಕುಮಾರಿ ಬೆರೆನಿಸ್ ಓಲಿವಾಸ್ ಅವರ ದಿವ್ಯ ಸನ್ನಿಧಾನಕ್ಕೆ,

ತಮ್ಮ ಅಂಗಳದ ಏಳು ಹಾಲುಗಿಡಗಳ ಮೇಲ್ವಿಚಾರಕನೂ, ಸಸಿತೋಟದಲ್ಲಿ ಎರಡನೇ ದರ್ಜೆಯ ಗುಂಡಿ ತೋಡುವವನೂ ಆದ ಎಲಾದಿಯೊ ಕಿರೋಗ ಮಂಡಿಯೂರಿ (ಒಂದೇ ಮಂಡಿ, ಇನ್ನೊಂದಕ್ಕೆ ಕಳ್ಳಿಮುಳ್ಳು ಹೊಕ್ಕಿದೆ) ಅರಿಕೆ ಮಾಡಿಕೊಳ್ಳುವುದೇನೆಂದರೆ:

ಏಳೂ ಬದುಕಿವೆ. ಅಥವಾ ಏಳೂ ಸತ್ತಿವೆ. ಜೂನ್ ತಿಂಗಳಲ್ಲಿ ಈ ಗಿಡವನ್ನು ಬರಿಗಣ್ಣಿನಿಂದ ನೋಡಿ ಎರಡರಲ್ಲಿ ಯಾವುದೆಂದು ಹೇಳಬಲ್ಲ ಮನುಷ್ಯ ಈ ಊರಿನಲ್ಲಿ ಹುಟ್ಟಿಲ್ಲ. ಎಲೆ ಎಂಬುದಿಲ್ಲ. ಬೂದುಹಸಿರು ಕಡ್ಡಿಗಳು ನೆಟ್ಟಗೆ ನಿಂತಿವೆ, ಯಾರೋ ಬೈದು ನಿಲ್ಲಿಸಿದ ಹಾಗೆ. ಪಕ್ಕದ ಮನೆಯ ಚಾನೊ ತಾತ ಬೇಲಿಯ ಮೇಲೆ ಗದ್ದವಿಟ್ಟು ಕೇಳಿದರು: "ಏನೋ ಇದು, ಪೊರಕೆಕಡ್ಡಿ ನೆಟ್ಟಿದೀರಾ? ಮಳೆ ಬಂದ್ರೆ ಪೊರಕೆ ಬಿಡುತ್ತಾ?" ಈ ಕಚೇರಿ ಆ ಪ್ರಶ್ನೆಯನ್ನು ಘನತೆಯಿಂದ ಕಡತಕ್ಕೆ ಸೇರಿಸಿತು.

ಸಂಶಯ ನಿವಾರಣೆಗಾಗಿ ಒಂದು ಕಡ್ಡಿಯನ್ನು ಉಗುರಿನಿಂದ ಗೀರಿದೆ. ಹಾಲು ಬಂತು. ಆದ್ದರಿಂದ ಬದುಕಿವೆ. ಅದೇ ಬೆರಳಿನಿಂದ ಕಣ್ಣುಜ್ಜಿಕೊಂಡೆ. ಅರ್ಧ ಗಂಟೆ ಕಣ್ಣೀರು ಸುರಿಯಿತು. ತಮ್ಮ ಕುಕಾ ದೊಡ್ಡಮ್ಮ ಹೊರಗೆ ಬಂದು ನೋಡಿ, "ಅಳಬೇಡ್ವೋ ಲಾಯೊ, ಸೆಪ್ಟೆಂಬರ್‌ಗೆ ಬರ್ತಾಳಲ್ಲ" ಎಂದು ಬೆನ್ನು ಸವರಿ ಒಳಗೆ ಕರೆದು ಬೀನ್ಸ್ ಸುತ್ತಿದ ರೊಟ್ಟಿ ಕೊಟ್ಟರು. ಅದು ಗಿಡದ ಹಾಲಿನಿಂದ ಬಂದ ಕಣ್ಣೀರು. ದಾಖಲೆಯಲ್ಲಿ ಹಾಗೆಯೇ ನಮೂದಾಗತಕ್ಕದ್ದು.

ಇನ್ನು ಆತಂಕದ ವಿಷಯ. ತಾವು ಫ್ರಿಜ್ ಮೇಲೆ ಅಂಟಿಸಿ ಹೋದ ಆಜ್ಞೆಯ ಪ್ರಕಾರ ಹದಿನೈದು ದಿನಕ್ಕೊಮ್ಮೆ, ನಿಧಾನವಾಗಿ, ಆಳಕ್ಕೆ ಇಳಿಯುವಂತೆ ನೀರು ಬಿಟ್ಟು, ಆಮೇಲೆ ಗಿಡ ಇದೆ ಎಂಬುದನ್ನೇ ಮರೆಯಬೇಕು. ನಾನು ಮರೆಯುತ್ತಿದ್ದೇನೆ. ದೊಡ್ಡಮ್ಮ ಮರೆಯುತ್ತಿಲ್ಲ. ದಿನಾ ಬೆಳಗಾಗುವ ಹೊತ್ತಿಗೆ ತಗಡಿನ ನೀರಿನ ಕ್ಯಾನು ಹಿಡಿದು ಇಡೀ ಅಂಗಳಕ್ಕೆ ಚಿಮುಕಿಸಿ ಗುಡಿಸುತ್ತಾರೆ. ಗಿಡದ ಬುಡ ಕೊಳೆಯುತ್ತದೆ ಎಂದೆ. "ಐವತ್ತು ವರ್ಷದಿಂದ ಈ ಅಂಗಳಕ್ಕೆ ನೀರು ಹಾಕ್ತಿದೀನಿ. ಅಂಗಳ ಕೊಳೆತಿದೆಯಾ?" ಎಂದರು. ದಿನಾ ಬೆಳಿಗ್ಗೆ ನಿಂತು ನೋಡುತ್ತಿದ್ದೇನೆ, ಅಷ್ಟೆ. ಮುಂದಿನ ಆಜ್ಞೆಗಾಗಿ ಕಾಯುತ್ತಿರುವ,

ತಮ್ಮ ಪಾದಧೂಳಿ (ಇಲ್ಲಿ ಈಗ ಎಲ್ಲವೂ ಧೂಳಿಯೇ),
ಎಲಾದಿಯೊ

*

ಕಾವಲು ಗೋಪುರ, ಐಡಹೊ, ಜೂನ್ ೨೯

ಲಾಯೊ,

ದಯವಿಟ್ಟು ಆ ಬಿರುದುಗಳನ್ನು ಲಕೋಟೆಯ ಮೇಲೆ ಬರೆಯಬೇಡ. ಹೇಸರಗತ್ತೆಗಳ ಮೇಲೆ ಸಾಮಾನು, ಟಪಾಲು ತರುವ ವೆಂಡೆಲ್ ಕಡಿದಾದ ದಾರಿಯುದ್ದಕ್ಕೂ ಅದನ್ನು ಕತ್ತೆಗಳಿಗೆ ಓದಿ ಹೇಳುತ್ತ ಬಂದನಂತೆ. ಮೇಲೆ ಹತ್ತಿ ಬಂದವನು ಟೋಪಿ ತೆಗೆದು, "ಇವರಲ್ಲಿ ನೀನ್ಯಾರು?" ಎಂದ.

ಇಲ್ಲಿ ನಾಲ್ಕೂ ಕಡೆ ಗಾಜು. ನಾಲ್ಕೂ ಕಡೆ ಹಸಿರು. ಎಷ್ಟು ಹಸಿರೆಂದರೆ ಕಣ್ಣಿಗೆ ಕೂರಲು ಜಾಗವಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಸುತ್ತ ನೋಡಬೇಕು, ಹೊಗೆ ಕಂಡರೆ ರೇಡಿಯೊದಲ್ಲಿ ಹೇಳಬೇಕು. ಆ ರೇಡಿಯೊ ಬೆಂಕಿಯ ಮಾತಿಗೆ ಮಾತ್ರ. ಫೋನು ಬೆಟ್ಟದ ಕೆಳಗಿನ ಕಚೇರಿಯಲ್ಲಿದೆ, ಎರಡು ದಿನದ ದಾರಿ. ಹೀಗಾಗಿ ದಿನಕ್ಕೆ ಒಂದು ಮಾತನ್ನೂ ಆಡದೆ ಇರುವುದನ್ನು ಕಲಿಯುತ್ತಿದ್ದೇನೆ. ನಿನಗೆ ಇದು ಅರ್ಥವಾಗುವ ವಿಷಯವಲ್ಲ.

ದೊಡ್ಡಮ್ಮನ ಕೈಯಿಂದ ಕ್ಯಾನು ಕಿತ್ತುಕೋ. ಬೇರು ಕೊಳೆತರೆ ಆ ಗಿಡ ಮತ್ತೆ ಏಳುವುದಿಲ್ಲ. ಗಟ್ಟಿಯಾಗಿ ಹೇಳು, ನಗಿಸಬೇಡ. ನೀನು ನಗಿಸಿದರೆ ಅವಳು ಇನ್ನೂ ಜಾಸ್ತಿ ಹಾಕುತ್ತಾಳೆ.

ಅಲ್ಲಿ ಮಳೆ ಬಂತಾ? ಮಳೆಗಾಲ ಶುರುವಾಗಬೇಕಾದ ಸಂತ ಯೊವಾನನ ಹಬ್ಬದ ದಿನ ಮೋಡವಾದರೂ ಕಟ್ಟಿತ್ತಾ? ಮಳೆ ಬಿದ್ದಾಗ ಊರೆಲ್ಲ ವಾಸನೆ ಹರಡುತ್ತದಲ್ಲ, ಆ ಪೊದೆಯ ಒಂದು ಟೊಂಗೆ ಮುರಿದು ಲಕೋಟೆಯಲ್ಲಿಟ್ಟು ಕಳಿಸು. ಸುಮ್ಮನೆ ಕೇಳಿದೆ. ಮರೆತರೂ ಪರವಾಗಿಲ್ಲ.

ಅಂದ ಹಾಗೆ ಸಸಿತೋಟ ತೆರೆಯುವುದು ಎಂಟಕ್ಕೆ. ಬೆಳಗಾಗುವ ಹೊತ್ತಿಗೆ ನೀನು ದಿನಾ ನಮ್ಮ ಅಂಗಳದಲ್ಲಿ ಯಾಕೆ ನಿಂತಿರುತ್ತೀ?

ಗಿಡಗಳ ವಿಷಯ ಬರೆಯುತ್ತಿರು. ನಿನ್ನ ಮಂಡಿಯ ಮುಳ್ಳು ಹೋಯಿತಾ?

ಬೆರೆನಿಸ್

*

ಟೂಸಾನ್, ಜುಲೈ ೧೭

ಮೌನವ್ರತನಿರತೆ, ಹರಿದ್ವರ್ಣಪೀಡಿತೆ, ಗೋಪುರೇಶ್ವರಿಯವರಿಗೆ (ಲಕೋಟೆಯ ಮೇಲೆ ಬರಿಯ ಹೆಸರಿದೆ; ಕತ್ತೆಗಳು ಕ್ಷಮಿಸಲಿ),

ತೀವ್ರ ವಿಷಾದದಿಂದ ತಿಳಿಸುವುದೇನೆಂದರೆ, ಗೇಟಿನ ಪಕ್ಕದ ಎರಡು ಹಾಲುಗಿಡಗಳು ಇದೇ ತಿಂಗಳ ಹತ್ತರಂದು ತೀರಿಕೊಂಡವು. ಬುಡ ಕಪ್ಪಾಗಿ ಮೆತ್ತಗಾಗಿತ್ತು. ಮೃತರು ಬಾಯಾರಿಕೆಯಿಂದ ಸಾಯಲಿಲ್ಲ, ಸತ್ಕಾರದಿಂದ ಸತ್ತರು. ಅಂತ್ಯಕ್ರಿಯೆಯಲ್ಲಿ ನಾನು, ಚಾನೊ ತಾತ ಮತ್ತು ಯಾರದೋ ನಾಯಿ ಭಾಗವಹಿಸಿದ್ದೆವು. ನಾಯಿ ಹೆಚ್ಚು ದುಃಖಿಸಿತು.

ಕ್ಯಾನು ಕಿತ್ತುಕೊಳ್ಳಲಿಲ್ಲವೇ ಎಂದು ತಾವು ಕೇಳುತ್ತೀರಿ. ಕಿತ್ತುಕೊಂಡೆ. ಬಚ್ಚಿಟ್ಟೆ ಎಂಬುದು ಸರಿಯಾದ ಮಾತು. ಮೆಸ್ಕೀಟ್ ಮರದ ಹಿಂದೆ ಅದನ್ನು ಅಪ್ಪಿಕೊಂಡು ಕೂತಿದ್ದಾಗ ಸಿಕ್ಕಿಬಿದ್ದೆ.

"ಕೊಡೋ ಅದನ್ನ."

"ದೊಡ್ಡಮ್ಮ, ಇವು ಮರುಭೂಮಿ ಗಿಡ. ದಿನಾ ನೀರು ಹಾಕಿದ್ರೆ ಸಾಯ್ತವೆ."

"ಗಿಡಕ್ಕೆ ಯಾರು ಹಾಕ್ತಿದಾರೆ? ನಾನು ಅಂಗಳಕ್ಕೆ ಹಾಕ್ತಿದೀನಿ."

"ಅಂಗಳಕ್ಕಾದ್ರೂ ಯಾಕೆ?"

ಬುದ್ಧಿಮಾಂದ್ಯನನ್ನು ನೋಡುವಂತೆ ನನ್ನನ್ನು ನೋಡಿದರು. "ಮನೆಗೆ ಯಾರಾದ್ರೂ ಬರೋರಿದ್ರೆ ನಿಮ್ಮಮ್ಮ ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಲ್ವೇನೋ?"

"ಚಿಮುಕಿಸ್ತಾಳೆ. ಬರೋ ದಿನ."

"ಸೆಪ್ಟೆಂಬರ್ ಅಂದವಳು ನಾಳೆನೇ ಬಂದ್ರೆ? ಅವಳು ಬರೋ ದಿನ ಯಾವ್ದು ಅಂತ ನಂಗೇನ್ ಗೊತ್ತು? ಅದಕ್ಕೇ ದಿನಾ."

ಕ್ಯಾನು ವಾಪಸು ಕೊಟ್ಟೆ. ತಾವು ಆ ಜಾಗದಲ್ಲಿದ್ದರೂ ಕೊಡುತ್ತಿದ್ದಿರಿ.

ಮಾರನೆಯ ದಿನ ಹೊಸ ಒಪ್ಪಂದವಾಯಿತು. "ಬರೋರು ಗೇಟಿಂದ ಬಾಗಿಲಿಗೆ ನಡ್ಕೊಂಡು ತಾನೇ ಬರೋದು? ಗಿಡದ ಮೇಲೆ ಹಾರ್ಕೊಂಡು ಬರಲ್ವಲ್ಲ" ಎಂದೆ. "ಚಿಕ್ಕಂದಿನಲ್ಲಿ ಹಾರ್ಕೊಂಡೇ ಬರ್ತಿದ್ಲು" ಎಂದರು. ಕೊನೆಗೆ ಒಪ್ಪಿದರು. ಈಗ ನೀರು ಕಾಲುದಾರಿಗೆ ಮಾತ್ರ. ಎರಡೂ ಬದಿಗೆ ನಾನು ಕಲ್ಲು ಸಾಲಿಟ್ಟು, ಮಣ್ಣು ಏರಿಸಿ, ನೀರು ಗಿಡದ ಕಡೆ ಹರಿಯದಂತೆ ಮಾಡಿದ್ದೇನೆ. ಉಳಿದ ಐವರು ಕ್ಷೇಮ.

ಮಳೆ ಜುಲೈ ಮೂರಕ್ಕೆ ಬಂತು. ಮಧ್ಯಾಹ್ನ ನಾಲ್ಕು ಗಂಟೆಗೆ, ಮುಖಕ್ಕೆ ಎರಚಿದ ಹಾಗೆ. ವಾರದಲ್ಲೇ ಕಡ್ಡಿಗಳ ತುದಿಯಲ್ಲಿ ತಿಳಿಹಳದಿ ಗೊಂಚಲು. ಚಾನೊ ತಾತ ಬೇಲಿಗೆ ಬಂದು ಬಹಳ ಹೊತ್ತು ನೋಡಿ, "ಪೊರಕೆ ಹೂ ಬಿಡುತ್ತೆ ಅಂತ ಯಾರಿಗ್ ಗೊತ್ತಿತ್ತು" ಎಂದು ಟೋಪಿ ಸರಿಮಾಡಿಕೊಂಡು ಹೋದರು. ಕಂದು ರೆಕ್ಕೆಯ ಚಿಟ್ಟೆಗಳು ಬರುತ್ತಿವೆ. ಹಳದಿ ಗಿಡಹೇನೂ ಬಂದಿದೆ. ಅದು ಈ ಗಿಡದ ಜೊತೆಗೇ ಹುಟ್ಟಿದ್ದು, ಚಿಂತೆ ಬೇಡ.

ಟೊಂಗೆ ಇಟ್ಟಿದ್ದೇನೆ. ಮಳೆ ನಿಂತ ಹತ್ತು ನಿಮಿಷಕ್ಕೆ ಮುರಿದದ್ದು.

ಬೆಳಗಿನ ಜಾವದ ಬಗ್ಗೆ ತಾವು ಕೇಳಿದ ಪ್ರಶ್ನೆ ಈ ಕಚೇರಿಯ ಪರಿಶೀಲನೆಯಲ್ಲಿದೆ.

ವಿಧೇಯ,
ಎಲಾದಿಯೊ

*

ಕಾವಲು ಗೋಪುರ, ಆಗಸ್ಟ್ ೩

ಲಾಯೊ,

ಟೊಂಗೆ ಒಣಗಿ ಬಂದಿತ್ತು. ಬಿಸಿನೀರಿನ ಲೋಟದಲ್ಲಿ ಅದ್ದಿ ಇಟ್ಟೆ. ಗಾಜೆಲ್ಲ ಮಂಜಾಯಿತು. ಅದರೊಳಗೆ ಕೂತೇ ಇದ್ದೆ. ರೇಡಿಯೊದಲ್ಲಿ ನನ್ನ ಗೋಪುರದ ನಂಬರು ಮೂರು ಸಲ ಕರೆದರಂತೆ, ಕೇಳಿಸಲಿಲ್ಲ. "ಅಲ್ಲಿ ಎಲ್ಲಾ ಸರಿ ಇದೆಯಾ?" ಎಂದರು. ಎಲ್ಲಾ ಸರಿ ಇದೆ ಎಂದೆ.

ದೊಡ್ಡಮ್ಮನ ಮಾತು ಓದಿದೆ. ಆ ಪುಟದ ಬಗ್ಗೆ ಏನೂ ಬರೆಯುವುದಿಲ್ಲ.

ಒಂದು ಸಮಾಚಾರ. ಕೆಳಗಿನ ಕಚೇರಿಯವರು ಕೆಲಸ ಕೊಡುತ್ತೇವೆ ಎಂದಿದ್ದಾರೆ. ಬೇಸಿಗೆಗೆ ಮಾತ್ರ ಅಲ್ಲ, ಎರಡು ವರ್ಷಕ್ಕೆ. ಚಳಿಗಾಲದಲ್ಲಿ ಕೆಳಗೆ ಒಂದು ಮರದ ಮನೆ, ಕಬ್ಬಿಣದ ಒಲೆ. ಹಿಮ ಕಿಟಕಿಯವರೆಗೆ ಬರುತ್ತದಂತೆ. ಸೆಪ್ಟೆಂಬರ್ ಹದಿನೈದರೊಳಗೆ ಹೇಳಬೇಕು. ದೊಡ್ಡಮ್ಮನಿಗೆ ತಿಳಿಸಿಲ್ಲ, ನೀನೂ ತಿಳಿಸಬೇಡ.

ಇಷ್ಟೊಂದು ಗಿಡ ಇರುವಾಗ ಹಾಲುಗಿಡವನ್ನೇ ಯಾಕೆ ಆರಿಸಿದೆ ಎಂದು ನೀನೊಮ್ಮೆ ಕೇಳಿದ್ದೆ. ಬೇರು ಹಿಡಿದ ಮೇಲೆ ಅದಕ್ಕೆ ಯಾರೂ ಬೇಕಾಗುವುದಿಲ್ಲ. ನೆಟ್ಟವರು ಎಲ್ಲಿದ್ದರೂ ಅದರ ಪಾಡಿಗೆ ಅದು ಇರುತ್ತದೆ. ಅದಕ್ಕೇ.

ನೀನೇನನ್ನುತ್ತೀ?

ಬೆರೆನಿಸ್

*

ಟೂಸಾನ್, ಆಗಸ್ಟ್ ೧೭

ಹಿಮಗೃಹಪ್ರವೇಶೋದ್ಯುಕ್ತೆ, ಕಬ್ಬಿಣದೊಲೆಯ ಭಾವೀ ಸಾಮ್ರಾಜ್ಞಿ, ಕುಮಾರಿ ಓಲಿವಾಸ್ ಅವರಿಗೆ,

ತಾವು ಕೇಳಿದ ಪ್ರಶ್ನೆಗೆ ಉತ್ತರ: ಒಲೆ ಇರುವ ಮನೆ ಒಳ್ಳೆಯದು. ಎರಡು ವರ್ಷದ ಕೆಲಸ ಒಳ್ಳೆಯದು. ಹಿಮವೂ ಒಳ್ಳೆಯದೆಂದು ನೋಡಿದವರು ಹೇಳುತ್ತಾರೆ. ಈ ಕಚೇರಿಯಿಂದ ಯಾವ ಆಕ್ಷೇಪವೂ ಇಲ್ಲ.

ಇದಕ್ಕೆ ಯಾವುದೇ ಸಂಬಂಧವಿಲ್ಲದ ಇನ್ನೊಂದು ವಿಷಯ. ಮೊನ್ನೆ ತಮ್ಮ ಗೇಟಿಗೆ ಒಂದು ಸೂಚನಾಪತ್ರ ಅಂಟಿಸಿ ಹೋಗಿದ್ದಾರೆ. ಯಥಾವತ್ ನಕಲು ಮಾಡಿದ್ದೇನೆ:

"ಹಳೇ ಬಡಾವಣೆ ಅಂಗಳ ಶಿಸ್ತು ಸಮಿತಿ. ಮಣ್ಣಿನ ಅಂಗಳದಲ್ಲಿ ಕಡ್ಡಿರೂಪದ ಸಸ್ಯಗಳನ್ನು ನೆಟ್ಟಿರುವ ಮನೆಗಳ ತಪಾಸಣೆಯನ್ನು ಸೆಪ್ಟೆಂಬರ್ ೨೮ರ ಬೆಳಿಗ್ಗೆ ಎಂಟು ಗಂಟೆಗೆ ನಡೆಸಲಾಗುವುದು. ನೆಟ್ಟ ವ್ಯಕ್ತಿ ಖುದ್ದಾಗಿ ಗಿಡಗಳ ಪಕ್ಕದಲ್ಲಿ ನಿಂತಿರತಕ್ಕದ್ದು. ಅವರ ಬದಲು ಪ್ರತಿನಿಧಿ, ಪತ್ರ, ಭಾವಚಿತ್ರ ಅಥವಾ ಹೇಸರಗತ್ತೆಯನ್ನು ಒಪ್ಪಲಾಗುವುದಿಲ್ಲ. ತಪ್ಪಿದಲ್ಲಿ ಗಿಡಗಳನ್ನು ಕಿತ್ತು ಅಂಗಳಕ್ಕೆ ಜಲ್ಲಿ ಸುರಿಯಲಾಗುವುದು. ಒಮ್ಮೆ ಬಿದ್ದ ಜಲ್ಲಿ ಎಂದೆಂದಿಗೂ ಬಿದ್ದಂತೆಯೇ."

ಕೆಳಗೆ ಮೊಹರು ಇದೆ, ದುಂಡಗೆ, ನೇರಳೆ ಬಣ್ಣ. ನಾನು ಪ್ರತಿಭಟಿಸಿದೆ, ಕೇಳುವವರಿಲ್ಲ. ತಾವು ಬರಬೇಕೆಂದು ನಾನು ಹೇಳುತ್ತಿಲ್ಲ. ಐದು ಗಿಡ, ಅಷ್ಟೆ. ತಿಳಿಸುವುದು ಕರ್ತವ್ಯವಾದ್ದರಿಂದ ತಿಳಿಸಿದ್ದೇನೆ.

ಗಿಡಗಳು ಚೆನ್ನಾಗಿವೆ. ತಾವು ಹೇಳಿದಂತೆ, ಅವಕ್ಕೆ ಯಾರೂ ಬೇಕಾಗಿಲ್ಲ.

ಎಲಾದಿಯೊ

*

ಕಾವಲು ಗೋಪುರ, ಸೆಪ್ಟೆಂಬರ್ ೧

ಲಾಯೊ,

ಎಷ್ಟು ಧೈರ್ಯ ಇರಬೇಕು ಆ ಸಮಿತಿಗೆ! ನನ್ನ ದೊಡ್ಡಮ್ಮನ ಅಂಗಳಕ್ಕೆ ಜಲ್ಲಿಯಂತೆ, ಜಲ್ಲಿ! ಪತ್ರ ಓದಿದ ದಿನ ಇಡೀ ಗೋಪುರವನ್ನು ಒರೆಸಿದೆ, ಸಿಟ್ಟಿಗೆ. ಎರಡು ಸಲ.

ಬರುತ್ತಿದ್ದೇನೆ. ಕೆಲಸ ಬೇಡವೆಂದು ಕಚೇರಿಗೆ ಬರೆದು ಕಳಿಸಿದ್ದೇನೆ. ಮರದ ಮನೆ, ಒಲೆ, ಎರಡು ವರ್ಷ, ಎಲ್ಲಾ ಹೋಯಿತು. ಹೋಗಲಿ. ಗಿಡ ಅಂದರೆ ಗಿಡ. ಇಪ್ಪತ್ತೇಳರ ಸಂಜೆ ಬಸ್ಸಿನಿಂದ ಇಳಿಯುತ್ತೇನೆ. ಇಪ್ಪತ್ತೆಂಟರ ಬೆಳಿಗ್ಗೆ ಎಂಟಕ್ಕೆ ಆ ಗಿಡಗಳ ಪಕ್ಕದಲ್ಲಿ ನಿಂತಿರುತ್ತೇನೆ. ಸಮಿತಿಯ ಅಧ್ಯಕ್ಷರಿಗೆ ಹೇಳು, ಅವರ ಮುಖವನ್ನು ಹತ್ತಿರದಿಂದ ನೋಡಬೇಕೆಂದಿದ್ದೇನೆ.

ಬೆರೆನಿಸ್

*

ಟೂಸಾನ್, ಸೆಪ್ಟೆಂಬರ್ ೧೨

ಬೆರೆನಿಸ್,

ಸಮಿತಿ ಇಲ್ಲ. ಅಧ್ಯಕ್ಷರೂ ಇಲ್ಲ. ನೋಟಿಸು ನಾನೇ ಬರೆದದ್ದು. ಮೊಹರು ಅಂದರೆ ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳ.

ನಿನ್ನ ಪತ್ರ ಮಂಗಳವಾರ ಬಂತು. ಓದಿ ಮೊದಲು ಕುಣಿದೆ. ಆಮೇಲೆ "ಎರಡು ವರ್ಷ, ಎಲ್ಲಾ ಹೋಯಿತು" ಎಂಬ ಸಾಲನ್ನು ಇನ್ನೊಮ್ಮೆ ಓದಿದೆ. ಅಲ್ಲಿಂದ ಊಟ ಸೇರಲಿಲ್ಲ. ಸುಳ್ಳು ಹೇಳಿದರೆ ನೀನು ನಗುತ್ತೀ, ಅಥವಾ ಬೈಯುತ್ತೀ ಎಂದುಕೊಂಡಿದ್ದೆ. ನಂಬುತ್ತೀ ಎಂದುಕೊಂಡಿರಲಿಲ್ಲ.

ಇಲ್ಲೂ ಆಟ ಕೈ ಮೀರಿತ್ತು. ನೋಟಿಸಿನ ಕರಡು ದೊಡ್ಡಮ್ಮನ ಕೈಗೆ ಸಿಕ್ಕಿಬಿಟ್ಟಿತ್ತು. ನೀರಿನ ಮೀಟರು ನೋಡಲು ಬಂದವನ ಕೈಯಲ್ಲಿ ರಟ್ಟು, ಪೆನ್ನು ನೋಡಿ ಸಮಿತಿಯವನೇ ಎಂದುಕೊಂಡು ಪೊರಕೆ ಎತ್ತಿ, "ನನ್ನ ಹುಡುಗಿ ನೆಟ್ಟಿರೋದನ್ನ ಮುಟ್ಟು ನೋಡೋಣ!" ಎಂದು ಬೀದಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋದರು. ಅವನು "ಮೀಟರು, ಅಮ್ಮಾ, ಮೀಟರು!" ಎನ್ನುತ್ತ ಓಡುತ್ತಿದ್ದ. ಚಾನೊ ತಾತ ನಕ್ಕು ನಕ್ಕು ಬೇಲಿ ಮುರಿದರು. ನಾನು ಮಾತ್ರ ನಗಲಿಲ್ಲ. ಅವತ್ತೇ ದೊಡ್ಡಮ್ಮನಿಗೆ ನಿಜ ಹೇಳಿದೆ. ಹೊಡೆಯಲಿಲ್ಲ. "ಅವಳನ್ನ ಕರೆಸೋಕೆ ಇಷ್ಟೆಲ್ಲಾ ಬೇಕಿತ್ತೇನೋ? ಬಾ ಅನ್ನೋಕಾಗ್ತಿರಲಿಲ್ವಾ?" ಎಂದರು.

ಕಾಗದ ನಿನ್ನನ್ನು ತಲುಪುವಷ್ಟರಲ್ಲಿ ಹದಿನೈದನೇ ತಾರೀಕು ದಾಟಿರುತ್ತದೆ. ಆದ್ದರಿಂದ ನಿನ್ನೆ ಊಟದ ವಿರಾಮದಲ್ಲಿ ಸಸಿತೋಟದ ಫೋನಿನಿಂದ ನಿಮ್ಮ ಕೆಳಗಿನ ಕಚೇರಿಗೆ ಮಾತಾಡಿದೆ. ಯಾರೋ ವಯಸ್ಸಾದ ಹೆಂಗಸು ಎತ್ತಿಕೊಂಡರು. ನಾನು ಒಂದೇ ಉಸಿರಿನಲ್ಲಿ ಹೇಳಿದೆ: ಬೆರೆನಿಸ್ ಓಲಿವಾಸ್ ಕೆಲಸ ಬೇಡ ಅಂದಿದ್ದು ನನ್ನ ಸುಳ್ಳಿನಿಂದ, ತಪ್ಪು ನಂದು, ದಯವಿಟ್ಟು ಆ ಕೆಲಸ ಬೇರೆ ಯಾರಿಗೂ ಕೊಡಬೇಡಿ, ಅವಳನ್ನ ಇನ್ನೊಂದ್ಸಲ ಕೇಳಿ.

"ಯಾವಾಗ ಹೇಳಿದ್ದಪ್ಪಾ ನೀನು ಆ ಸುಳ್ಳು?" ಎಂದರು.

ಆಗಸ್ಟ್ ಹದಿನೇಳು ಎಂದೆ.

ಕಾಗದ ಮಗುಚುವ ಸದ್ದು. "ಅವಳು ಬೇಡ ಅಂತ ಬರೆದಿರೋದು ಆಗಸ್ಟ್ ಮೂರಕ್ಕೆ. ನಮ್ಮ ಹೇಸರಗತ್ತೆ ಚೀಲದಲ್ಲೇ ಬಂದಿದೆ. ನಿನ್ನ ಸುಳ್ಳಿಗೆ ಇಲ್ಲೇನೂ ಕೆಲಸ ಇಲ್ಲ ಮಗಾ, ಹೋಗಿ ಊಟ ಮಾಡು."

ಆಗಸ್ಟ್ ಮೂರು. ನನಗೆ ಪತ್ರ ಬರೆದ ದಿನವೇ. "ನೀನೇನನ್ನುತ್ತೀ" ಎಂದು ಕೇಳಿದ ಕಾಗದವೂ ಕೆಲಸ ಬೇಡವೆಂದ ಕಾಗದವೂ ಒಂದೇ ಚೀಲದಲ್ಲಿ ಬೆಟ್ಟ ಇಳಿದಿವೆ.

ಊಟ ಮಾಡಿದೆ. ಎರಡು ಸಲ.

ಆದರೂ ಒಂದು ಲೆಕ್ಕ ಬಗೆಹರಿಯುವುದಿಲ್ಲ. ಗಿಡಗಳು ಯಾರಿಲ್ಲದಿದ್ದರೂ ಬದುಕುತ್ತವೆ ಎಂದವಳು ನೀನೇ. ಬೇಡವೆಂದು ಬರೆದಾಗ ಸಮಿತಿ ಇನ್ನೂ ಹುಟ್ಟಿರಲಿಲ್ಲ. ಹಾಗಾದರೆ ಯಾಕೆ?

ಹಿಮ ಒಳ್ಳೆಯದು ಎಂದು ಬರೆದಿದ್ದೆ. ಈ ಕಚೇರಿಯಿಂದ ಆಕ್ಷೇಪವಿಲ್ಲ ಎಂದೂ ಬರೆದಿದ್ದೆ. ಎರಡೂ ಸುಳ್ಳು, ನೋಟಿಸಿಗಿಂತ ದೊಡ್ಡ ಸುಳ್ಳು. ನೀನು ಹೋದ ಮೇಲೆ ಈ ಊರಲ್ಲಿ ನನಗೆ ಮಾತಾಡಲು ಜನ ಇದ್ದಾರೆ, ನಗಿಸಲು ಜನ ಇದ್ದಾರೆ. ನಗಿಸಿದ ಮೇಲೆ ತಿರುಗಿ ನೋಡಲು ಯಾರೂ ಇಲ್ಲ. ಬೆಳಿಗ್ಗೆ ನಿಮ್ಮ ಅಂಗಳಕ್ಕೆ ಹೋಗುತ್ತೇನೆ, ಯಾಕೆಂದರೆ ಅಲ್ಲಿ ಒಬ್ಬರಾದರೂ ನೀನು ಇವತ್ತೇ ಬರುತ್ತೀ ಎಂದು ನಂಬಿರುತ್ತಾರೆ.

ಬಾ. ಅಷ್ಟೇ.

ಲಾಯೊ

*

ಕಾವಲು ಗೋಪುರ, ಸೆಪ್ಟೆಂಬರ್ ೨೦

ಸುಳ್ಳುಸಮಿತಿಯ ಸಂಸ್ಥಾಪಕ, ಅಧ್ಯಕ್ಷ, ಕಾರ್ಯದರ್ಶಿ ಮತ್ತು ಮೊಹರು, ಶ್ರೀಮಾನ್ ಎಲಾದಿಯೊ ಕಿರೋಗ ಅವರಿಗೆ,

ಯಾವ ಸಮಿತಿಯೂ ತನ್ನ ನೋಟಿಸಿನಲ್ಲಿ ಹೇಸರಗತ್ತೆಯ ಹೆಸರು ಎತ್ತುವುದಿಲ್ಲ. ಮೂರನೇ ಸಾಲಿಗೇ ಗೊತ್ತಾಯಿತು. ವೆಂಡೆಲ್‌ಗೂ ಗೊತ್ತಾಯಿತು. ನಾನು ಬರೆದ ಪತ್ರದಲ್ಲಿ ಸುಳ್ಳಿಲ್ಲ, ನೋಡಿಕೋ: ಬೇಡವೆಂದು ಬರೆದು ಕಳಿಸಿದ್ದೇನೆ ಎಂದಿದ್ದೆ, ಯಾವಾಗ ಎಂದಿರಲಿಲ್ಲ. ಗೋಪುರ ಒರೆಸಿದ್ದೂ ನಿಜ. ಸಿಟ್ಟಿಗಲ್ಲ, ಅಷ್ಟೆ. ನೀನು ಒಂದಷ್ಟು ದಿನ ಒದ್ದಾಡಬೇಕು ಎಂದುಕೊಂಡಿದ್ದೆ. ನೀನು ಕಚೇರಿಗೆ ಫೋನು ಮಾಡುತ್ತೀ, ಆ ಕೆಲಸ ನನಗೇ ಉಳಿಸಲು ಗೋಗರೆಯುತ್ತೀ ಎಂದುಕೊಂಡಿರಲಿಲ್ಲ. ಆ ಪುಟ ಓದಿದ ಮೇಲೆ ಒಂದು ಸುತ್ತು ಹೊಗೆ ನೋಡುವುದನ್ನೇ ಮರೆತೆ. ಕಾಡು ಉಳಿದಿದ್ದು ಅದರ ಪುಣ್ಯ.

ತಪಾಸಣೆ ರದ್ದಾಗಕೂಡದು. ಇಪ್ಪತ್ತೆಂಟು, ಬೆಳಿಗ್ಗೆ ಎಂಟು. ನಾನು ಗಿಡದ ಪಕ್ಕದಲ್ಲಿ ನಿಲ್ಲುತ್ತೇನೆ, ನೀನು ನೋಡಬೇಕು.

ಯಾಕೆ ಎಂದು ಕೇಳಿದೆಯಲ್ಲ. ಮುಖ ನೋಡಿಕೊಂಡು ಹೇಳಲಾಗುವುದಿಲ್ಲ, ಇಲ್ಲೇ ಬರೆದುಬಿಡುತ್ತೇನೆ. ಬೇರು, ಬರ, ಯಾರೂ ಬೇಕಾಗದ ಗಿಡ ಎಂದೆಲ್ಲ ಬರೆದದ್ದು ನನ್ನ ಮಾತಲ್ಲ, ನಿನ್ನದೇ. ಫೆಬ್ರವರಿಯಲ್ಲಿ ನಾನು ಸಸಿತೋಟಕ್ಕೆ ಬಂದ ದಿನ ನೀನು ಟೋಪಿಯನ್ನು ಎದೆಗೊತ್ತಿಕೊಂಡು ಒಂದು ಕಡ್ಡಿಯ ಪಕ್ಕ ನಿಂತು ಭಾಷಣ ಶುರುಮಾಡಿದೆ. ಅದು ನಿಲ್ಲದಿರಲಿ ಎಂದು ಒಂದು ಕೊಂಡೆ. ಮಾರನೆಯ ವಾರ ಇನ್ನೊಂದು ಕೊಂಡೆ, ಇನ್ನೊಂದು ಭಾಷಣಕ್ಕೆ. ಏಳಾದವು. ಗಿಡ ಬಿಸಿಲಿಗೋ ನೆರಳಿಗೋ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಫ್ರಿಜ್ ಮೇಲಿನ ಆಜ್ಞೆಯೂ ನಿಮ್ಮ ಸಸಿತೋಟದ ಚೀಟಿ ನೋಡಿ ಬರೆದದ್ದು.

ಅವತ್ತು ನಾನು ಕೊಳ್ಳಲು ಬಂದದ್ದು ನಿಂಬೆಗಿಡ.

ಬೆರೆನಿಸ್